ಪರದೆಯ ಕಿಟಕಿಯಲ್ಲಿದ್ದವಳು

ಬೆಳಗ್ಗೆ ಒಂಬತ್ತಕ್ಕೆ ನಾಟಕ ಮಂದಿರದ ಬಾಗಿಲು ತೆರೆದ ಅಧ್ಯಕ್ಷೆ, ಒಳಗೆ ಹೋದಷ್ಟೇ ವೇಗದಲ್ಲಿ ಹೊರಗೆ ಬಂದು ಎದುರಿನ ಔಷಧಿ ಅಂಗಡಿಯ ಮುಂದೆ ನಿಂತರು. ಅಂಗಡಿಯವನೇ ನಾಟಕ ಮಂಡಳಿಯ ಕಾರ್ಯದರ್ಶಿ. ಮೂವತ್ತೈದು ವರ್ಷ ಶಾಲೆ ನಡೆಸಿ ನಿವೃತ್ತರಾದ ಆಕೆಯ ದನಿ ನಡುಗಿದ್ದನ್ನು ಅವನು ಅಂದೇ ಮೊದಲು ಕೇಳಿದ್ದು.

"ಅಂಗಡಿ ಮುಚ್ಚಿ ಬಾ. ಯಾರೋ ಪರದೆಯಿಂದ ಅವಳನ್ನ ಕತ್ತರಿಸ್ಕೊಂಡು ಹೋಗಿದ್ದಾರೆ."

ಅವಳು ಎಂದರೆ ಯಾರೆಂದು ಕಾರ್ಯದರ್ಶಿ ಕೇಳಲಿಲ್ಲ. ನಲವತ್ತು ವರ್ಷದ ಹಿಂದೆ ಊರೂರು ಸುತ್ತುವ ಚಿತ್ರಗಾರನೊಬ್ಬ ಒಂದು ಚಳಿಗಾಲ ಇಲ್ಲಿ ತಂಗಿ ಬರೆದುಕೊಟ್ಟ ಹಿನ್ನೆಲೆಯ ಪರದೆ ಅದು. ಒಂದು ಬೀದಿ, ಎರಡು ಸಾಲು ಮನೆ, ಒಂದು ಮನೆಯ ಮಹಡಿಯಲ್ಲಿ ದೀಪ ಹಚ್ಚಿದ ಕಿಟಕಿ, ಕಿಟಕಿಯಲ್ಲಿ ಒಬ್ಬ ಹುಡುಗಿ. ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮುಂದೆ ಯಾವ ನಾಟಕವೇ ನಡೆಯಲಿ, ಹಿಂದೆ ಅವಳು ಯಾರಿಗೋ ಕಾಯುತ್ತಿದ್ದಳು. ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಜನ ಅವಳು ಕಾಯುತ್ತಿರುವುದು ತಮಗೇ ಎಂದುಕೊಂಡು ಮನೆಗೆ ಹೋಗುತ್ತಿದ್ದರು. ಮದುವೆಯಾಗಿ ಎರಡು ಮಕ್ಕಳ ತಂದೆಯಾದ ಕಾರ್ಯದರ್ಶಿಯೂ ಆ ಗುಂಪಿನವನೇ. ಅದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ.

ಅಂದು ಸಂಜೆ ನಾಲ್ಕಕ್ಕೆ ಪ್ರಾದೇಶಿಕ ಕಲಾ ಪರಿಷತ್ತಿನ ವ್ಯಾನು ಬರುವುದಿತ್ತು. ಪರದೆ ಅವರ ಸಂಗ್ರಹಾಲಯಕ್ಕೆ ಹೋಗಬೇಕು, ಬದಲಿಗೆ ಅವರು ಮಂದಿರದ ಬಿರುಕು ಬಿಟ್ಟ ಸೂರನ್ನು ಹೊಸದಾಗಿ ಹಾಕಿಸಿಕೊಡಬೇಕು, ಇದು ಒಪ್ಪಂದ. ಸೂರು ಆಗದಿದ್ದರೆ ತಿಂಗಳ ಕೊನೆಗೆ ಮಂದಿರಕ್ಕೆ ಬೀಗ ಬೀಳುವುದು ಖಂಡಿತ.

ಮಂಡಳಿಯಲ್ಲಿದ್ದವರು ಐದೇ ಜನ, ಐವರೂ ಬಿಟ್ಟಿ ದುಡಿಯುವವರು. ನಾಟಕದ ದಿನ ಪದಾಧಿಕಾರಿಗಳೂ ಒಂದೊಂದು ಕೆಲಸ ಮಾಡಲೇಬೇಕೆಂಬುದು ಅಲ್ಲಿನ ರೂಢಿ. ಅಧ್ಯಕ್ಷೆ ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದರು. ಬಡಗಿ ರಂಗಸಜ್ಜಿಕೆ ನಿಲ್ಲಿಸುತ್ತಿದ್ದ. ಉಪಾಧ್ಯಕ್ಷರಾದ ದನದ ಡಾಕ್ಟರು ಇಪ್ಪತ್ತಾರು ವರ್ಷದಿಂದ ಪರದೆಯ ಹಿಂದೆ ನಿಂತು ಹಗ್ಗ ಎಳೆಯುತ್ತಿದ್ದರು. ಕಾರ್ಯದರ್ಶಿಗೆ ನಟನಾಗುವ ಆಸೆ. ಹನ್ನೊಂದು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಮಾತು, ಅದೂ "ಯಾರೋ ಬಂದಿದ್ದಾರೆ ಸ್ವಾಮಿ" ಎಂದು. ಐದನೆಯವರು ವೇಷಭೂಷಣ ನೋಡಿಕೊಳ್ಳುತ್ತಿದ್ದ ಸೂಜಿಯತ್ತೆ. ಬಟ್ಟೆ ಕೋಣೆಯ ಮೇಲಿನ ಅಟ್ಟದ ರೂಮಿನಲ್ಲೇ ಆಕೆಯ ವಾಸ. ಮಂದಿರದಲ್ಲಿ ಏನು ಕಳೆದರೂ, ಯಾರ ನಡುವೆ ಏನು ಹದಗೆಟ್ಟರೂ ಎಲ್ಲರೂ ಮೆಟ್ಟಿಲು ಹತ್ತುತ್ತಿದ್ದುದು ಅಲ್ಲಿಗೇ. ಕಾರ್ಯದರ್ಶಿ ಅಂಥ ಹೊತ್ತಿನಲ್ಲೆಲ್ಲ ನೋಟುಬುಕ್ಕು ಹಿಡಿದು ಆಕೆಯ ಹಿಂದೆಯೇ ಇರುತ್ತಿದ್ದ.

ಅಧ್ಯಕ್ಷೆಯೂ ಅವನೂ ಒಳಗೆ ಹೋದಾಗ ಸೂಜಿಯತ್ತೆ ಆಗಲೇ ರಂಗದ ಮೇಲೆ ನಿಂತು, ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಿದ್ದರು. ಬೀದಿಯ ಮೇಲ್ಭಾಗದಲ್ಲಿ ಒಂದು ಮೊಳ ಚೌಕದ ತೂತು. ಅದರಾಚೆ ಬರೀ ಇಟ್ಟಿಗೆ ಗೋಡೆ ಕಾಣುತ್ತಿತ್ತು. ಕಾರ್ಯದರ್ಶಿ ಹನ್ನೊಂದು ವರ್ಷದಿಂದ ನೋಡುತ್ತಿದ್ದ ಮುಖ ಅಲ್ಲಿರಲಿಲ್ಲ.

"ಕಂಬಿ ಕೆಳಗಿಳಿಸು," ಎಂದರು ಅತ್ತೆ, ಆಗಷ್ಟೇ ಬಂದ ಬಡಗಿಗೆ.

ಅವನು ಪಕ್ಕಕ್ಕೆ ಹೋಗಿ ಹಗ್ಗ ಬಿಚ್ಚಿ, ಪರದೆ ತೂಗುಹಾಕಿದ್ದ ಉದ್ದನೆಯ ಕಬ್ಬಿಣದ ಕಂಬಿಯನ್ನು ಇಳಿಸಿದ. ತೂತು ಕಣ್ಣಿನ ಮಟ್ಟಕ್ಕೆ ಬಂತು. ಆಗ ಕಂಡದ್ದು ಇನ್ನೂ ವಿಚಿತ್ರ. ಕತ್ತರಿಸಿದವರು ತೂತಿನ ನಾಲ್ಕು ಅಂಚನ್ನೂ ಮಡಿಸಿ ಹೊಲಿದು ಹೋಗಿದ್ದರು, ಬಟ್ಟೆ ಇನ್ನಷ್ಟು ಹರಿಯದಿರಲೆಂದು.

ಅಧ್ಯಕ್ಷೆ ಮೆಲ್ಲಗೆ ಸೂಜಿಯತ್ತೆಯ ಕಡೆ ತಿರುಗಿದರು. ಬಡಗಿಯೂ ತಿರುಗಿದ. ಮಂಡಳಿಯಲ್ಲಿ ಸೂಜಿ ಹಿಡಿಯುವವರು ಒಬ್ಬರೇ. ಕಟ್ಟಡದಲ್ಲೇ ಇರುವವರೂ ಒಬ್ಬರೇ.

"ನೋಡಿ, ಚೆನ್ನಾಗಿ ನೋಡಿ," ಎಂದರು ಅತ್ತೆ. "ನಿನ್ನೆ ಸಂಜೆ ಐದಕ್ಕೆ ಸಭೆ ಮುಗೀತು. ನಾನು ತಂಗಿ ಮನೆಗೆ ಹೋದೆ, ಬಂದಿದ್ದು ಈಗ ಎಂಟೂವರೆಗೆ, ಹಿಂಬಾಗಿಲಿಂದ ನೇರ ರೂಮಿಗೆ. ತಂಗಿ ಸುಳ್ಳು ಹೇಳಬಹುದು. ಅದಕ್ಕೆ ಅವಳ ಮಾತು ಬೇಡ, ಪರದೆ ಏನು ಹೇಳುತ್ತೆ ಕೇಳೋಣ." ಆಕೆ ನೆಲಕ್ಕೆ ಬಗ್ಗಿದರು. ಪರದೆಯ ಮುಂದೆ ಬಣ್ಣದ ಚೂರುಗಳು ಉದುರಿದ್ದವು. ಹಿಂದೆ ಹೋಗಿ ನೋಡಿದರೆ ನೆಲ ಸ್ವಚ್ಛವಾಗಿತ್ತು. "ಬರ್ಕೊ," ಎಂದರು ಕಾರ್ಯದರ್ಶಿಗೆ. ಆಮೇಲೆ ಗೋಡೆಗೊರಗಿದ್ದ ಏಣಿಯ ಹತ್ತಿರ ಹೋಗಿ ಮೆಟ್ಟಿಲುಗಳ ನಡುವೆ ಬೆರಳಾಡಿಸಿದರು. ಬೆರಳಿಗೆ ಜೇಡರ ಬಲೆ ಅಂಟಿಕೊಂಡು ಬಂತು. "ಇದನ್ನೂ ಬರ್ಕೊ."

"ನೀವು ಬಂದಾಗ ದೀಪ ಉರೀತಿತ್ತಾ?" ಎಂದು ಅಧ್ಯಕ್ಷೆಯನ್ನು ಕೇಳಿದರು.

"ರಂಗದ ಮುಂದಿನ ಸಾಲು ಉರೀತಿತ್ತು. ನಾನೇ ಆರಿಸ್ದೆ."

"ಹಿಂದಿನ ದೀಪ?"

"ಇಲ್ಲ."

ಬಡಗಿ ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದ. "ನನ್ನ ಮೇಲೂ ಅನುಮಾನ ಬರುತ್ತೆ, ಗೊತ್ತು. ಪರದೆ ಕೊಡಬಾರ್ದು ಅಂತ ನಿನ್ನೆ ಮೇಜು ಕುಟ್ಟಿದ್ದು ನಾನೊಬ್ಬನೇ."

"ಮೇಜಿನ ಕಾಲೂ ಮುರಿದೆ," ಎಂದರು ಅತ್ತೆ. "ಕಂಬಿ ಒಬ್ಬರೇ ಇಳಿಸೋಕಾಗುತ್ತಾ?"

"ರೂಢಿ ಇದ್ದರೆ ಆಗುತ್ತೆ. ನನಗಾಗುತ್ತೆ, ಡಾಕ್ಟರಿಗಾಗುತ್ತೆ. ಬೇರೆಯವರು ಮುಟ್ಟಿದ್ರೆ ಅಂಗೈ ಚರ್ಮ ಹಗ್ಗಕ್ಕೆ ಹೋಗುತ್ತೆ."

ಸೂಜಿಯತ್ತೆ ಎಲ್ಲರ ಅಂಗೈಯನ್ನೂ ತಿರುಗಿಸಿ ನೋಡಿದರು, ತಮ್ಮದನ್ನೂ ತೋರಿಸಿದರು. ಆಮೇಲೆ ಭೂತಕನ್ನಡಿ ಹಿಡಿದು ತುಂಬ ಹೊತ್ತು ಹೊಲಿಗೆ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸಪ್ಪಗಾಯಿತು. ಕಳ್ಳ ಸಿಕ್ಕಾಗ ಆಕೆಗೆ ಖುಷಿಯಾಗುತ್ತಿತ್ತು, ಅದನ್ನು ಕಾರ್ಯದರ್ಶಿ ಬಲ್ಲ. ಈ ಸಲ ಆಕೆ, "ಹನ್ನೆರಡಕ್ಕೆ ಡಾಕ್ಟರನ್ನೂ ಕರೆಸು," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದರು.

ಹನ್ನೆರಡಕ್ಕೆ ಐವರೂ ರಂಗದ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಡಾಕ್ಟರು ಎಲ್ಲೋ ಹಸುವಿನ ಹೆರಿಗೆ ಮಾಡಿಸಿ ಹಾಗೇ ಬಂದಿದ್ದರು, ಚೀಲ ತೊಡೆಯ ಮೇಲಿತ್ತು. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಹಿಂದಿನ ದಿನ ಪರದೆಯನ್ನು ಪರಿಷತ್ತಿಗೆ ಕೊಡೋಣವೆಂದು ಸೂಚನೆ ಮಂಡಿಸಿದ್ದು ಅವರೇ.

"ಏಣಿಯಲ್ಲಿ ಬಲೆ ಹಾಗೇ ಇದೆ," ಎಂದು ಶುರು ಮಾಡಿದರು ಸೂಜಿಯತ್ತೆ. "ಅಂದ್ರೆ ಯಾರೂ ಮೇಲೆ ಹತ್ತಿಲ್ಲ, ಕಂಬಿ ಇಳಿಸಿದ್ದಾರೆ. ಯಾರ ಅಂಗೈಯಲ್ಲೂ ಗಾಯ ಇಲ್ಲ. ಹಾಗಾದ್ರೆ ಹಗ್ಗದ ರೂಢಿ ಇರೋ ಇಬ್ಬರಲ್ಲಿ ಒಬ್ಬರು. ಇನ್ನು ಬಣ್ಣದ ಚೂರು. ಬ್ಲೇಡು ಹಿಂದಿನಿಂದ ಚುಚ್ಚಿದ್ರೆ ಬಣ್ಣ ಮುಂದಕ್ಕೆ ಉದುರುತ್ತೆ. ಕತ್ತರಿಸಿದವರು ಹಿಂದೆ ನಿಂತಿದ್ರು."

"ಹಿಂದಿನಿಂದ ಬರೀ ಕೋರಾ ಬಟ್ಟೆ ಕಾಣೋದು," ಎಂದ ಬಡಗಿ. "ಕಿಟಕಿ ಎಲ್ಲಿದೆ ಅಂತ ಹೇಗೆ ಗೊತ್ತಾಗ್ಬೇಕು?"

"ಅದಕ್ಕೇ ಮುಂದಿನ ದೀಪ ಹಚ್ಚಿದ್ದು. ಕಿಟಕಿಯ ಹಳದಿ ತೆಳ್ಳಗಿದೆ, ಬೆಳಕು ತೂರಿ ಹಿಂದಕ್ಕೆ ಬರುತ್ತೆ. ಬೆಳಗ್ಗೆ ನಾನು ಹಚ್ಚಿ ನೋಡ್ದೆ, ಅಂಚಲ್ಲಿ ಉಳಿದ ಹಳದಿ ಈಗಲೂ ಬೆಳಗುತ್ತೆ. ಇದು ನಂಗೆ ಗೊತ್ತಿರ್ಲಿಲ್ಲ. ನಿಂಗೂ ಗೊತ್ತಿಲ್ಲ, ಯಾಕಂದ್ರೆ ಆಟ ಶುರುವಾದ ಮೇಲೆ ನೀನು ಹೊರಗೆ ಹೋಗಿ ಬೀಡಿ ಸೇದ್ತೀಯ. ಆಟದ ಉದ್ದಕ್ಕೂ ಪರದೆ ಹಿಂದೆ ನಿಂತವರಿಗೆ ಮಾತ್ರ ಅದು ಗೊತ್ತು."

ಡಾಕ್ಟರು ಚೀಲದ ಹಿಡಿಯನ್ನೇ ನೋಡುತ್ತಿದ್ದರು.

"ಕೊನೇದು ಹೊಲಿಗೆ. ನಾವು ಬಟ್ಟೆ ಹೊಲಿಯೋರು ದಾರ ಮುಗಿಯೋವರೆಗೂ ಒಂದೇ ಸಮ ಓಡಿಸ್ತೀವಿ, ಕೊನೆಗೆ ಒಂದು ಗಂಟು. ಇಲ್ಲಿ ಒಂದೊಂದು ಹೊಲಿಗೆಗೂ ಬೇರೆ ಬೇರೆ ಗಂಟು ಹಾಕಿ ಕತ್ತರಿಸಿದೆ. ಹಾಗೆ ಹೊಲಿಯೋದು ಗಾಯವನ್ನ, ಒಂದು ಬಿಚ್ಚಿಕೊಂಡ್ರೆ ಉಳಿದದ್ದು ನಿಲ್ಲಲಿ ಅಂತ." ಆಕೆ ಕನ್ನಡಕ ತೆಗೆದರು. "ಯಾರು ಅಂತ ನಾನು ಹೇಳಿಯಾಯ್ತು ಡಾಕ್ಟ್ರೇ. ಯಾಕೆ ಅಂತ ನಂಗೆ ಗೊತ್ತಿಲ್ಲ. ಅದು ನೀವೇ ಹೇಳ್ಬೇಕು."

ಡಾಕ್ಟರು ಚೀಲ ತೆರೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ತುಂಡನ್ನು ಹೊರತೆಗೆದು ಅಧ್ಯಕ್ಷೆಯ ಕೈಗೆ ಕೊಟ್ಟರು.

"ವಾಪಸು ಕೊಡೋಕೇ ತಂದಿದ್ದೆ," ಎಂದರು. "ಅವಳು ನಮ್ಮಕ್ಕ."

ಆಮೇಲೆ ತಡೆತಡೆದು ಹೇಳಿದರು. ಚಿತ್ರಗಾರ ಇಲ್ಲಿದ್ದ ಆ ಚಳಿಗಾಲದಲ್ಲೇ ಅಕ್ಕ ನಾಟಕದ ಹುಚ್ಚು ಹತ್ತಿಸಿಕೊಂಡು ಕಿಟಕಿಯ ಹುಡುಗಿಯ ಚಿತ್ರಕ್ಕಾಗಿ ಅವನೆದುರು ಕೂತಿದ್ದಳು, ಮನೆಯಲ್ಲಿ ತಮ್ಮನಿಗೆ ಬಿಟ್ಟು ಯಾರಿಗೂ ಹೇಳದೆ. ವಸಂತಕ್ಕೆ ಒಂದು ಸಂಚಾರಿ ಕಂಪನಿಯ ಜೊತೆ ಹೊರಟುಹೋದಳು. ಆಗ ಅವಳಿಗೆ ಇಪ್ಪತ್ತೊಂದು, ತಮ್ಮನಿಗೆ ಹತ್ತೊಂಬತ್ತು. ಅಪ್ಪ ಅವಳ ಹೆಸರೆತ್ತಕೂಡದೆಂದರು. ಎರಡು ವರ್ಷದ ಮೇಲೆ ಒಂದು ಕಾಗದ ಬಂತು: ಸಾಕಾಗಿದೆ, ಮನೆಗೆ ಬರಲೇ ಎಂದು. ಅಪ್ಪ ಹಾಸಿಗೆ ಹಿಡಿದಿದ್ದರು. ಉತ್ತರ ಬರೆದವನು ತಮ್ಮ.

"ಬರಬೇಡ ಅಂತ ಬರೆದೆ. ಮನೆ ಮರ್ಯಾದೆ ಅಂತೆಲ್ಲ ಎರಡು ಪುಟ. ಅಪ್ಪ ಹೇಳಿಕೊಟ್ಟಿದ್ದಲ್ಲ, ನನ್ನದೇ ಮಾತು. ಆಮೇಲೆ ಅವಳ ಸುದ್ದಿ ಬರ್ಲೇ ಇಲ್ಲ. ಹುಡುಕಿದೆ. ಎಷ್ಟೋ ಊರು ಹುಡುಕಿದೆ." ಅವರು ಚೀಲದ ಬಾಯಿ ಮುಚ್ಚಿದರು. "ಮಂಡಳಿ ಸೇರಿದ್ದು ಕಲೆ ಗಿಲೆ ಅಂತ ಅಲ್ಲ. ಈ ಪರದೆಗಾಗಿ. ಮುಂದೆ ಹೋಗಿ ನಿಲ್ಲೋ ಧೈರ್ಯ ಒಂದು ದಿನವೂ ಬರ್ಲಿಲ್ಲ. ಹಿಂದೆ ನಿಂತ್ರೆ ಬೆಳಕಲ್ಲಿ ಅವಳ ನೆರಳು ಕಾಣೋದು. ಅಷ್ಟು ಸಾಕಿತ್ತು."

"ಮತ್ತೆ ಸೂಚನೆ ಮಂಡಿಸಿದ್ದು ನೀವೇ ಅಲ್ವಾ?" ಎಂದ ಬಡಗಿ. ಅವನ ಕೋಪವೆಲ್ಲ ಇಳಿದುಹೋಗಿತ್ತು.

"ಮಂದಿರ ಉಳೀಬೇಕಲ್ಲಪ್ಪ. ಬೀದಿ ಪೂರ್ತಿ ಅವರಿಗಿರಲಿ, ಒಂದು ಕಿಟಕಿ ನಾನಿಟ್ಕೊಂಡ್ರೆ ಯಾರಿಗೇನು ನಷ್ಟ ಅಂದ್ಕೊಂಡೆ. ಮನೆಗೆ ಹೋಗಿ ಮೇಜಿನ ಮೇಲೆ ಹರಡಿ ದೀಪ ಹಿಡ್ದೆ. ಇಷ್ಟು ವರ್ಷಕ್ಕೆ ಮುಖ ನೋಡ್ತೀನಿ ಅಂತ." ಅವರು ತುಂಡಿನತ್ತ ಕೈ ತೋರಿದರು. "ಮುಖವೇ ಇಲ್ಲ. ಎರಡು ಕಪ್ಪು ಚುಕ್ಕೆ, ಒಂದು ಕಂದು ಗೀಚು, ಅಷ್ಟೇ."

ಅಧ್ಯಕ್ಷೆಯ ಮಡಿಲಲ್ಲಿದ್ದ ತುಂಡನ್ನು ಎಲ್ಲರೂ ಬಗ್ಗಿ ನೋಡಿದರು. ನಿಜ, ಅದು ಬರೀ ಬಣ್ಣದ ಕಲೆ.

"ಅಯ್ಯೋ ನಿಮ್ಮ," ಎಂದರು ಸೂಜಿಯತ್ತೆ. ಬೈಗುಳವನ್ನು ಅರ್ಧಕ್ಕೇ ನುಂಗಿಕೊಂಡರು. "ಪರದೆಯ ಚಿತ್ರ ಹತ್ತಿರದವರಿಗೆ ಬರೆಯೋದಲ್ಲ ಡಾಕ್ಟ್ರೇ. ಹತ್ತನೇ ಸಾಲಿನವರಿಗೆ ಬರೆಯೋದು. ಇಪ್ಪತ್ತಾರು ವರ್ಷ ಇಲ್ಲಿದ್ದು ಒಂದು ದಿನವಾದ್ರೂ ಹೋಗಿ ಕೂತಿದ್ರೆ ಗೊತ್ತಾಗ್ತಿತ್ತು."

ಆಕೆ ಸೂಜಿ ತಂದು, ಗಂಟುಗಳನ್ನೆಲ್ಲ ಬಿಚ್ಚಿ, ತುಂಡನ್ನು ಅದರ ಜಾಗದಲ್ಲಿಟ್ಟು ಹೊಲಿಯಲು ಕೂತರು. ಅಧ್ಯಕ್ಷೆ ಉದುರಿದ ಚೂರುಗಳನ್ನು ಅಂಟಿಸಿದರು. ಬಡಗಿ ಅಂಚಿಗೆ ಬಣ್ಣ ಮುಟ್ಟಿಸಿದ. ಮೂರೂಕಾಲಿಗೆ ಕೆಲಸ ಮುಗಿಯಿತು. ಇದನ್ನು ನಡಾವಳಿಯಲ್ಲಿ ಹೇಗೆ ಬರೆಯಬೇಕೆಂದು ಕಾರ್ಯದರ್ಶಿ ಕೇಳಿದಾಗ ಅಧ್ಯಕ್ಷೆ, "ಪರದೆ ಸ್ವಲ್ಪ ಹರಿದಿತ್ತು, ಸರಿ ಮಾಡಿಸಲಾಯಿತು ಅಂತ ಬರಿ," ಎಂದರು.

"ಈಗ ಹೋಗಿ ಕೂತ್ಕೊಳ್ಳಿ," ಎಂದರು ಸೂಜಿಯತ್ತೆ ಡಾಕ್ಟರಿಗೆ.

ಡಾಕ್ಟರು ಒಲ್ಲೆ ಎಂಬಂತೆ ತಲೆಯಾಡಿಸಿದರು. ಕಾರ್ಯದರ್ಶಿ ಅವರ ತೋಳು ಹಿಡಿದು ಮೆಟ್ಟಿಲಿಳಿಸಿ, ಖಾಲಿ ಕುರ್ಚಿಗಳ ನಡುವೆ ನಡೆಸಿಕೊಂಡು ಹೋಗಿ ಹತ್ತನೇ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತ. ಅಧ್ಯಕ್ಷೆ ದೀಪದ ಸಾಲು ಹಚ್ಚಿದರು. ಬಡಗಿ ಹಗ್ಗ ಎಳೆದ. ಬೀದಿ ಮೇಲೆದ್ದಿತು, ಮನೆಗಳು ನಿಂತವು, ಮಹಡಿಯ ಕಿಟಕಿ ಬೆಳಗಿತು. ಎರಡು ಚುಕ್ಕೆ ಕಣ್ಣಾದವು, ಗೀಚು ಕೆನ್ನೆಯಾಯಿತು. ಕಿಟಕಿಯ ಕಂಬಿ ಹಿಡಿದು ಒಬ್ಬ ಹುಡುಗಿ ಬೀದಿಯ ಕೊನೆಯನ್ನು ನೋಡುತ್ತಿದ್ದಳು.

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಅಧ್ಯಕ್ಷೆ ಬಾಗಿಲಿಗೆ ಹೋಗಿ, ಸ್ವಲ್ಪ ಕಾಯಿರಿ ಎಂದು ಹೇಳುವುದು ಕೇಳಿಸಿತು.

"ಎಷ್ಟು ಚಿಕ್ಕವಳು," ಎಂದರು ಡಾಕ್ಟರು ಕೊನೆಗೆ. "ನನ್ನ ಮಗಳಿಗಿಂತ ಚಿಕ್ಕವಳು. ಇಷ್ಟು ಚಿಕ್ಕ ಹುಡುಗೀಗಾ ನಾನು ಬರಬೇಡ ಅಂದಿದ್ದು?"