ತೊಳೆಯದ ಬಿಲ್ಲೆ

ಥೂ! ಕರುವಿನ ರಕ್ತದ ಸೀರಮ್ ಮೂರು ದಿನ ಬೆಚ್ಚಗಿದ್ದರೆ ಎಂಥ ನಾತ ಹೊಡೆಯುತ್ತದೆಂದು ಪ್ರೇಮಕಥೆ ಬರೆಯುವವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಕೃತಕ ಸೊಂಟದ ಕೀಲು ಮೈಯೊಳಗೆ ಎಷ್ಟು ಸವೆಯುತ್ತದೆಂದು ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ಟೈಟಾನಿಯಂ ಬಿಲ್ಲೆಯನ್ನು, ಕೀಲಿನೊಳಗಿನ ದ್ರವದ ಬದಲಿಗೆ, ಆ ಸೀರಮ್ಮಿನಲ್ಲಿ ಮುಳುಗಿಸಿ, ಮೇಲೊಂದು ಗುಂಡು ಒತ್ತಿ, ಹತ್ತು ಲಕ್ಷ ಸಲ ಉಜ್ಜಿಸಿ, ತೂಕ ಎಷ್ಟು ಇಳಿಯಿತೆಂದು ನೋಡುತ್ತೇವೆ. ಟೈಟಾನಿಯಂ ಹಗುರ, ಗಟ್ಟಿ. ಆದರೆ ಉಜ್ಜಿದರೆ ಕಪ್ಪು ರಾಡಿ ಬಿಡುತ್ತದೆ.

ರಾಡಿ ತಡೆಯಲು ಚಿನ್ನದ ಬಣ್ಣದ ಲೇಪನ ಮಾಡಿದವನು ಪಕ್ಕದ ರೂಮಿನ ಇಂಜಿನಿಯರ್. ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ಬರುತ್ತಿದ್ದ. ಅದರ ಮೇಲಿನ ಎರಡು ಕಣ್ಣು ಮಾತ್ರ ನನ್ನನ್ನು ನೋಡಿ ನಗುತ್ತಿದ್ದವು. ಆ ಕಣ್ಣಿಗೇ ನಾನು ಮರುಳಾದದ್ದು.

ಪರೀಕ್ಷೆ ಮುಗಿದ ಶುಕ್ರವಾರ ನಾನು ರಜೆಯಲ್ಲಿದ್ದೆ. ಕೊನೆಯ ತೂಕ ಅವನೇ ಮಾಡಿದ. ಸೋಮವಾರ ಕುಣಿಯುತ್ತಾ ಬಂದ.

“ಸವೆತ ಸೊನ್ನೆ! ನೀನೊಂದು ಸಹಿ ಹಾಕಿದ್ರೆ ಕೀಲು ಆಸ್ಪತ್ರೆಗೆ ಹೊರಡುತ್ತೆ. ಆಮೇಲೆ ನಿಮ್ಮ ಮನೆಗೆ ಬಂದು ಹೆಣ್ಣು ಕೇಳ್ತೀನಿ.”

ಸೊನ್ನೆಯೇ? ಯಾರ ಕಿವಿಗೆ ಹೂವಿಡುತ್ತಾನೆ ಇವನು? ಬಿಲ್ಲೆ ತೆಗೆದು ನೋಡಿದೆ. ಹಾಲಿನ ಕೆನೆಯಂಥ ಲೋಳೆ ಅಂಟಿಕೊಂಡಿತ್ತು. ತೊಳೆದು, ಒಣಗಿಸಿ ತೂಗಿದೆ. ಮೊದಲಿನ ತೂಕಕ್ಕಿಂತ ಹನ್ನೊಂದು ಮಿಲಿಗ್ರಾಂ ಕಡಿಮೆ. ಸವೆದದ್ದನ್ನೆಲ್ಲ ಲೋಳೆಯ ತೂಕ ಮುಚ್ಚಿಹಾಕಿತ್ತು. ಕೆಳಗೆ ಲೇಪನ ಚಕ್ಕೆ ಎದ್ದಿತ್ತು.

“ತೊಳೆದೇ ಇಲ್ವಾ?”

“ವಾಂತಿ ಬರೋ ಹಾಗಾಯ್ತು ಕಣೇ. ನೀರಲ್ಲಿ ಅದ್ದಿ ತೂಗಿಬಿಟ್ಟೆ.”

“ಯಾರದೋ ಅಜ್ಜಿ ಸೊಂಟದಲ್ಲಿ ಈ ರಾಡಿ ತುಂಬ್ಕೊಳ್ಳುತ್ತೆ!”

“ಮುಂದಿನ ಸಲ ಸರಿಮಾಡ್ತೀನಿ. ಈಗ ಸಹಿ ಹಾಕು, ಪ್ಲೀಸ್. ನಮ್ಮಿಬ್ಬರ ವಿಷಯ ಯೋಚಿಸು.”

ಆ ‘ಪ್ಲೀಸ್’ ಕೊಳೆತ ಸೀರಮ್ಮಿಗಿಂತ ಹೇಸಿಗೆಯಾಗಿತ್ತು. ಇಂಥವನನ್ನು ಮೆಚ್ಚಿದ ನನ್ನ ಮೇಲೂ ಅಸಹ್ಯ ಹುಟ್ಟಿತು.

“ಹಾಕಲ್ಲ. ಹೊರಗೆ ಹೋಗು,” ಎಂದೆ. ಅವನು ಹೋದ ಮೇಲೆ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಬಂದರೆ ಸಿಂಕಿನ ಮುಂದೆ ಅವನೇ ನಿಂತಿದ್ದ. ಕರ್ಚೀಫಿಲ್ಲ. ಹಳೇ ಬ್ರಶ್ಶಿನಿಂದ ಉಳಿದ ಬಿಲ್ಲೆಗಳನ್ನು ತಿಕ್ಕುತ್ತಿದ್ದ. ಮುಖ ಬಿಳಿಚಿಕೊಂಡಿತ್ತು, ತೋಳಿನ ತನಕ ಲೋಳೆ.

“ಲ್ಯಾಬ್ ಹೆಡ್ ಮೇಡಂ ಹತ್ರ ಎಲ್ಲಾ ಹೇಳಿದೆ. ತೂಕ ತಪ್ಪು, ಲೇಪನ ಫೇಲು ಅಂತ. ಪ್ರಾಜೆಕ್ಟ್ ಬೇರೆಯವರಿಗೆ ಹೋಯ್ತು.”

“ಮತ್ತೆ ಇದನ್ಯಾಕೆ ತೊಳೀತಿದೀಯ?”

“ಮುಂದೆ ಮಾಡೋರಿಗೆ ಸರಿಯಾದ ತೂಕ ಬೇಕಲ್ಲ.” ತಲೆ ಎತ್ತಲಿಲ್ಲ. “ಹೆಣ್ಣು ಕೇಳೋ ಯೋಗ್ಯತೆ ನನಗಿಲ್ಲ ಬಿಡು.”

ನಾನು ಆ ಲೋಳೆಗೈಯನ್ನೇ ಹಿಡಿದುಕೊಂಡೆ.

“ನೀನು ಕೇಳ್ಬೇಡ. ನಾನೇ ನಿಮ್ಮ ಮನೆಗೆ ಬಂದು ಗಂಡು ಕೇಳ್ತೀನಿ. ನಿಮ್ಮಮ್ಮ ಯಾವಾಗ ಮನೇಲಿರ್ತಾರೆ?”

ಉತ್ತರ ಹೇಳಲು ಬಾಯಿ ತೆರೆದವನು ಬಾಯಿ ಮುಚ್ಚಿಕೊಂಡು ಬಾತ್‌ರೂಮಿನತ್ತ ಓಡಿದ. ನಾನೂ ಹಿಂದೆಯೇ ಓಡಿ, ಅವನು ಕಕ್ಕಿ ಮುಗಿಸುವವರೆಗೂ ಬೆನ್ನು ನೀವುತ್ತಾ ನಿಂತೆ.