ಸಂತ ಅಗಾಥಾ ಚರ್ಚಿನ ಒಡೆದ ಗಂಟೆ

1998ರ ಮೇ 14, ಗುರುವಾರ. ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಫಾದರ್ ಟ್ರೈನಿಸ್ ಏದುಸಿರು ಬಿಡುತ್ತ ವಿಲ್ನಿಯಸ್ ಹಳೇಪೇಟೆ ಠಾಣೆಗೆ ಬಂದರು. ಸಂತ ಅಗಾಥಾ ಚರ್ಚಿನ ಹೊಸ ಗಂಟೆ ಬಿರುಕು ಬಿಟ್ಟಿತ್ತು. ಚರ್ಚಿನ ಮುನ್ನೂರನೇ ವರ್ಷದ ಹಬ್ಬ ಭಾನುವಾರವಿತ್ತು. ಇನ್‌ಸ್ಪೆಕ್ಟರ್ ಸ್ಕಿರ್ಮಂತಾಸ್ ಬಾಯಿಗಿಡಬೇಕೆಂದಿದ್ದ ಕಪ್ಪು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟು ಎಫ್‌ಐಆರ್ ಬರೆದುಕೊಂಡ.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಗಂಟೆ ಮೇಲೆ ಯಾರಿಗ್ರೀ ಸಿಟ್ಟಿರುತ್ತೆ?" ಅಂದರು ಫಾದರ್.

ಒಂದೂ ಹತ್ತಕ್ಕೆ ಗೋಪುರದಲ್ಲಿ ಪಂಚನಾಮೆ ಶುರುವಾಯಿತು. ಗಂಟೆಯ ಅಂಚಿನಿಂದ ಮೇಲಕ್ಕೆ ಗೇಣುದ್ದದ ಬಿರುಕು. ಸುತ್ತಿಗೆಯ ಗುರುತು ಎಲ್ಲೂ ಇಲ್ಲ. ಒಳಗೆ ತೂಗುವ ನಾಲಿಗೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿತ್ತು, ಹಗ್ಗದಲ್ಲಿ ಎರಡು ಮರದ ಕ್ಲಿಪ್ಪುಗಳು ಇನ್ನೂ ಕಚ್ಚಿಕೊಂಡಿದ್ದವು.

"ಸಾರ್, ಇಷ್ಟೊಂದು ಪೆದ್ದರೂ ಇರ್ತಾರಾ?" ಎಂದಳು ಕಾನ್‌ಸ್ಟೆಬಲ್ ಬಿರುಟೆ.

ಸ್ಕಿರ್ಮಂತಾಸನಿಗೆ ಅದು ಪೆದ್ದುತನದ ಹಾಗೆ ಕಾಣಲಿಲ್ಲ. ಗಂಟೆಗೆ ಜ್ಞಾನಸ್ನಾನ ಮಾಡಿಸುವಾಗ ಜ್ಞಾನತಂದೆಯಾಗಿ ನಿಲ್ಲುವವನ ಹೆಸರನ್ನು ಕಂಚಿನಲ್ಲೇ ಎರಕ ಹೊಯ್ಯುವುದು ಪದ್ಧತಿ. ಈ ಗಂಟೆಯ ಮೇಲಿದ್ದುದನ್ನು ಓದಿಕೊಂಡ: ಕಜಿಮಿಯೆರಾಸ್ ಸ್ಟುಲ್ಗಿಸ್, 1949ರಲ್ಲಿ ಸೋವಿಯತ್ ಸೈನಿಕರ ಕಣ್ಣು ತಪ್ಪಿಸಿ ಹಳೆಯ ಗಂಟೆಯನ್ನು ಹೂತಿಟ್ಟವರು. ಸ್ಟುಲ್ಗಿಸ್ ಈಗ ಊರಿನಲ್ಲಿ ಮರದ ದೊಡ್ಡ ವ್ಯಾಪಾರಿ. ಹೊಸ ಗಂಟೆ ಅವನದೇ ಕೊಡುಗೆ.

ಎರಡು ಗಂಟೆಗೆ, ಅದನ್ನು ಎರಕ ಹೊಯ್ದವನಿಗೆ ಫೋನ್ ಮಾಡಿದ.

"ನಾಲಿಗೆಗೆ ಹಗ್ಗ ಕಟ್ಟಿ ಜಗ್ಗಿ, ಹೊಡೆದ ಮೇಲೂ ಬಿಡದೆ ಅಂಚಿಗೆ ಒತ್ತಿ ಹಿಡಿದ್ರೆ ಎಂಥಾ ಗಂಟೆನೂ ಸೀಳುತ್ತೆ ಸಾರ್. ಗಂಟೆ ಬಾರಿಸೋರು ಇದನ್ನ ತಮ್ಮ ಮಕ್ಕಳಿಗೆ ನಡೆಯೋಕೆ ಕಲಿಯೋ ಮುಂಚೆನೇ ಹೇಳಿ ಹೆದರಿಸಿರ್ತಾರೆ."

ಬಿರುಟೆ ಬೀದಿಯಲ್ಲಿ ವಿಚಾರಿಸಿಕೊಂಡು ಬಂದಳು. ಬೆಳಗ್ಗೆ ಹತ್ತರಿಂದ ಹತ್ತೂವರೆವರೆಗೆ ಗಂಟೆ ಬಡಿದದ್ದನ್ನು ಎಲ್ಲರೂ ಕೇಳಿದ್ದರು. ಹಬ್ಬಕ್ಕೆ ಅಭ್ಯಾಸ ಅಂದುಕೊಂಡು ಸುಮ್ಮನಿದ್ದರು. ಇಡೀ ಬೀದಿಗೆ ಕೇಳುವ ಹಾಗೆ ನಡೆದ ಅಪರಾಧವನ್ನು ಸ್ಕಿರ್ಮಂತಾಸ್ ಹದಿನೆಂಟು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ.

"ಫಾದರ್, ನಲವತ್ತೊಂಬತ್ತರಲ್ಲಿ ಇಲ್ಲಿ ಗಂಟೆ ಬಾರಿಸ್ತಿದ್ದೋರು ಯಾರು?"

"ಹಬ್ಬಕ್ಕೆ ಚರ್ಚಿನ ಚರಿತ್ರೆ ಅಚ್ಚು ಹಾಕಿಸಿದೀವಿ. ಅದ್ರಲ್ಲಿ ಆ ಹೆಸರಿಲ್ಲ."

"ನಾನು ಪುಸ್ತಕ ಕೇಳ್ಲಿಲ್ಲ."

ಫಾದರ್ ಬೂಟಿನ ತುದಿ ನೋಡಿಕೊಂಡರು. "ಬಾಲ್ತ್ರೂಸ್ ಯುರ್ಕುಸ್ ಅಂತ. ಮಗಳು ಅಪೊಲೊನಿಯಾ ನಮ್ಮ ಬಲಿಪೀಠದ ಬಟ್ಟೆ ಒಗೀತಾಳೆ."

ಮೂರೂ ಮುಕ್ಕಾಲಿಗೆ ಸ್ಕಿರ್ಮಂತಾಸ್, ಬಿರುಟೆ ಇಬ್ಬರೂ ಅವಳ ಮನೆಗೆ ಹೋದರು. ಎಪ್ಪತ್ತೊಂದರ ಮುದುಕಿ ಪೀಠದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಕೋಟು ತೊಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ ಹೊರಡಲು ತಯಾರಾಗಿದ್ದಳು.

"ಈ ಹಗ್ಗ ನಿಮ್ದಾ ಅಮ್ಮಾ?"

"ನಂದೇ. ಕ್ಲಿಪ್ಪೂ ನಂದೇ. ಅದನ್ನ ಕಂಡುಹಿಡಿಯೋಕೆ ನಿಮಗೆ ಇಷ್ಟು ಹೊತ್ತು ಬೇಕಾಯ್ತಾ?"

"ಯಾಕೆ ಮಾಡಿದ್ರಿ?"

ಅವಳು ದಾಖಲೆ ಕಚೇರಿಯ ಮೊಹರಿದ್ದ ನಕಲೊಂದನ್ನು ಮೇಜಿನ ಮೇಲಿಟ್ಟಳು. 1949ರ ಸೋವಿಯತ್ ಗುಪ್ತ ಪೊಲೀಸರ ಕಡತದ ಹಾಳೆ. ಗಂಟೆಯನ್ನು ಬಾಲ್ತ್ರೂಸ್ ಯುರ್ಕುಸ್ ಚರ್ಚಿನ ಹಿತ್ತಲಲ್ಲಿ ಹೂತಿದ್ದಾನೆಂಬ ಮಾಹಿತಿ, ಕೆಳಗೆ ಸ್ಟುಲ್ಗಿಸ್‌ನ ಸಹಿ.

"ಹೂತವನು ನಮ್ಮಪ್ಪ. ಹಿಡಿದುಕೊಟ್ಟವನು ಆ ಸ್ಟುಲ್ಗಿಸ್. ಅಪ್ಪ ಸೈಬೀರಿಯಾದಲ್ಲಿ ಎರಡನೇ ಚಳಿಗಾಲಕ್ಕೇ ಸತ್ತ. ಈಗ ಅಪ್ಪ ಮಾಡಿದ್ದನ್ನೂ ಇವನು ಕದ್ದು ತನ್ನ ಹೆಸರಿಗೆ ಬರೆಸ್ಕೊಂಡಿದಾನೆ. ಮೂರು ಸಲ ಈ ಕಾಗದ ಹಿಡ್ಕೊಂಡು ಫಾದರ್ ಹತ್ರ ಹೋದೆ. ಹಳೇದನ್ನ ಕೆದಕಬೇಡ, ಕ್ಷಮಿಸು ಅಂದ್ರು."

ಸ್ಕಿರ್ಮಂತಾಸನಿಗೆ ಮೈ ಉರಿಯಿತು. ಅಷ್ಟರಲ್ಲಿ ಫಾದರ್ ಓಡಿಬಂದರು, ಮುಖ ಬಿಳಿಚಿತ್ತು.

"ಇನ್‌ಸ್ಪೆಕ್ಟ್ರೇ, ದೂರು ವಾಪಸ್ ತಗೋತೀನಿ. ಚರ್ಚಿನ ವಿಷಯ ಚರ್ಚಲ್ಲೇ ಮುಗೀಲಿ."

"ತಗೊಂಡು ನೋಡಿ!" ಮುದುಕಿ ಇಸ್ತ್ರಿಪೆಟ್ಟಿಗೆ ಕುಕ್ಕಿದಳು. "ಇನ್ನೊಂದು ಗಂಟೆ ತೂಗುಹಾಕಿದ್ರೆ ಅದನ್ನೂ ಸೀಳ್ತೀನಿ. ಕೋರ್ಟಲ್ಲಿ ಯಾಕೆ ಮಾಡಿದೆ ಅಂತ ಕೇಳ್ಲೇಬೇಕು. ಆಗ ಈ ಕಾಗದ ಅವನೆದುರೇ ಓದಿಸ್ತೀನಿ. ನಾನು ಹಗ್ಗ ಮರೆತು ಬಂದೆ ಅಂದ್ಕೊಂಡ್ರಾ?"

ಫಾದರ್ ಇನ್‌ಸ್ಪೆಕ್ಟರನ ಮುಖ ನೋಡಿದರು. ಅವನು ಮನಸ್ಸು ಮಾಡಿದ್ದರೆ ಅಲ್ಲೇ ರಾಜಿ ಮಾಡಿಸಿ ಕಡತ ಮುಚ್ಚಬಹುದಿತ್ತು, ಮೇಲಿನವರೂ ಬೆನ್ನು ತಟ್ಟುತ್ತಿದ್ದರು.

"ಕೇಸು ದಾಖಲಾಗಿದೆ ಫಾದರ್. ಇನ್ನು ಅದು ನಿಮ್ಮ ಕೈಲಿಲ್ಲ," ಎಂದ.

ಸಂಜೆ ಐದೂ ಐವತ್ತಕ್ಕೆ ಅಪೊಲೊನಿಯಾಳನ್ನು ಬಂಧಿಸಲಾಯಿತು. ವರದಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ಬಿರುಟೆ 'ಹಳೆಯ ದ್ವೇಷ' ಎಂದು ಬರೆದಿದ್ದಳು. ಸ್ಕಿರ್ಮಂತಾಸ್ ಅದನ್ನು ಹೊಡೆದುಹಾಕಿ, 1949ರ ಆ ಹಾಳೆಯಲ್ಲಿದ್ದುದನ್ನು ಸಹಿಯ ಸಮೇತ ಪೂರ್ತಿ ಇಳಿಸಿದ. ಮೊದಲ ಸಾಕ್ಷಿಯಾಗಿ ಗಂಟೆಯ ದಾನಿಯ ಹೆಸರು ಸೇರಿಸಿದ.

"ಸ್ಟುಲ್ಗಿಸ್‌ಗೆ ನೋಟಿಸ್ ಯಾವತ್ತು ಕೊಡ್ತೀರಿ?" ಕೇಳಿದಳು ಮುದುಕಿ.

"ನಾಳೆ."

"ಬೇಡ. ಭಾನುವಾರ ಕೊಡಿ. ಪೂಜೆ ಹೊತ್ತಿಗೆ ಮುಂದಿನ ಬೆಂಚಲ್ಲೇ ಕೂತಿರ್ತಾನೆ. ಇಡೀ ಊರು ಹಿಂದೆ ಇರುತ್ತೆ."

ಬಿರುಟೆ ಪೆನ್ನು ಹಿಡಿದು ಇನ್‌ಸ್ಪೆಕ್ಟರನ ಕಡೆ ನೋಡಿದಳು. ಸ್ಕಿರ್ಮಂತಾಸ್ ನೋಟಿಸನ್ನು ತನ್ನತ್ತ ಎಳೆದುಕೊಂಡು, ಜಾರಿ ಮಾಡಬೇಕಾದ ದಿನದ ಮುಂದೆ ಮೇ 17, ಭಾನುವಾರ, ಬೆಳಗ್ಗೆ ಹತ್ತು ಗಂಟೆ ಎಂದು ತಾನೇ ಬರೆದ.