ಏರಿ ಮೇಲಿನ ಹರಳೆಣ್ಣೆ

"ಗಾಡಿ ತಗೀರಿ! ಬೇಗ ತಗೀರಿ ಗಾಡೀನಾ!"

ಪುಟ್ಟ ರೈಲೆಂಜಿನ್ನಿನ ಮೇಲಿಂದ ಸಿದ್ದಮಲ್ಲಪ್ಪ ಕೂಗಿಕೊಂಡ. ಎತ್ತಿನ ಗಾಡಿಯ ಚಕ್ರ ಹೊಸ ಹಳಿಗಳ ನಡುವೆ ಸಿಕ್ಕಿಕೊಂಡಿತ್ತು. ಮೂಗುದಾರ ಹಿಡಿದು ನಿಂತಿದ್ದ ಶಿವರತ್ನ ಮಾತ್ರ ಅಲ್ಲಾಡಲಿಲ್ಲ!

ಎಂಜಿನ್ ಕಿರ್ರೆಂದು ನಿಂತಿತು. ಮೈಯೆಲ್ಲ ಮಸಿಯಾಗಿದ್ದ ಸಿದ್ದಮಲ್ಲಪ್ಪ ಕೆಳಗೆ ಜಿಗಿದ.

"ಜೀವದ ಮ್ಯಾಲೆ ಆಸೆ ಇಲ್ವಾ ನಿಮ್ಗೆ?"

"ನಮ್ ತಾತನ ಕಾಲದ ಗಾಡಿದಾರಿ ಇದು. ಅಡ್ಡ ಬಂದಿರೋದು ನಿಮ್ ಕಂಬಿ ಕಣ್ರಿ!"

ಅವನು ಬೈಯಲಿಲ್ಲ. ನಕ್ಕು, ಚಕ್ರಕ್ಕೆ ಹೆಗಲು ಕೊಟ್ಟ. ಅಷ್ಟೇ... ಆ ನಗು ಶಿವರತ್ನಳ ಎದೆಯಲ್ಲಿ ಮನೆ ಮಾಡಿಬಿಟ್ಟಿತು.

ಅದು ಅರವತ್ಮೂರನೆಯ ಇಸವಿ. ಸತ್ತೇಗಾಲದ ಕಬ್ಬನ್ನು ಕೊಳ್ಳೇಗಾಲದ ಹಾದಿಯಲ್ಲಿದ್ದ ಸಕ್ಕರೆ ಕಾರ್ಖಾನೆಗೆ ಸಾಗಿಸಲು ಕಾರ್ಖಾನೆಯವರೇ ಪುಟ್ಟ ರೈಲುದಾರಿ ಹಾಕಿಸಿದ್ದರು. ಸದ್ಯಕ್ಕೆ ಕೆರೆ ಏರಿಯ ಈಚೆಗಷ್ಟೇ ದಿನಾ ಎಂಜಿನ್ ಓಡಿಸಿ ಪರೀಕ್ಷಿಸುತ್ತಿದ್ದರು. ಅಲ್ಲಿಯವರೆಗೆ ಕಬ್ಬು ಹೊರುತ್ತಿದ್ದದ್ದು ಶಿವರತ್ನಳ ಅಪ್ಪ ಸದಾಶಿವಪ್ಪನವರ ಗಾಡಿಗಳು. ರೈಲೆಂದರೆ ಅವರಿಗೆ ಮೈಯೆಲ್ಲ ಉರಿ. ಅಂಥವರ ಮಗಳು, ರೈಲು ಓಡಿಸುವ ಹನೂರಿನ ಹುಡುಗನಿಗೆ ಮಜ್ಜಿಗೆ ಕೊಡಲು ದಿನಾ ಒಂದು ನೆಪ ಹುಡುಕುತ್ತಿದ್ದಳು! ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಅವಳ ಪ್ರೀತಿಗೆ ಕಿವಿ ಮಾತ್ರ ಬಲು ಚುರುಕು. ಸೀಟಿ ಕೇಳಿದರೆ ಸಾಕು, ಬಿಂದಿಗೆ ಎತ್ತಿಕೊಂಡು ಹೊರಡುತ್ತಿದ್ದಳು.

ಡಬ್ಬಿ ಕಟ್ಟಿಕೊಂಡು ಏರಿ ದಾಟುವ ಮೊದಲ ಓಟದ ಹಿಂದಿನ ದಿನ ಸಿದ್ದಮಲ್ಲಪ್ಪನ ಮುಖ ಬಾಡಿತ್ತು.

"ಆ ಕೆರೆ ಏರಿ ಮ್ಯಾಕೆ ರೈಲು ಅತ್ಸೋದೇ ನಂಗೆ ದಿಗಿಲು ಕಣಾ. ಯಾರ್ಗೂ ಏಳಿಲ್ಲ, ನಿಂಗೊಬ್ಳಿಗೇ ಏಳ್ತಾ ಇವ್ನಿ. ನಾಳೆ ಅತ್ತಿಬುಟ್ರೆ ಕೆಲ್ಸ ಕಾಯಂ. ಆಮ್ಯಾಕೆ ನಿಮ್ಮಪ್ಪನ ತಾವ ಬಂದು ನಿನ್ನ ಕೇಳ್ತೀನಿ."

'ನಾನೇನು ಮಾಡಲಿ ಇವರಿಗೆ?' ಶಿವರತ್ನ ಯೋಚಿಸಿದಳು. ಮನೆಯಲ್ಲಿ ಗಾಡಿಯ ಕೀಲಿಗೆ ಹರಳೆಣ್ಣೆ ಬಿಟ್ಟರೆ ಎಂಥ ಭಾರವೂ ಸಲೀಸು. ರೈಲೂ ಗಾಡಿಯೇ ಅಲ್ಲವೇ?

ಸಂಜೆ ಒಬ್ಬಳೇ ಏರಿಗೆ ಹೋದಳು. ಮದುಮಗನಿಗೆ ಎಣ್ಣೆ ಹಚ್ಚುವವಳಂತೆ, ಎರಡೂ ಹಳಿಗಳಿಗೆ ಪ್ರೀತಿಯಿಂದ ಎಣ್ಣೆ ಸವರಿದಳು... ಅಯ್ಯೋ ಹುಚ್ಚು ಹುಡುಗಿ!

ಬೆಳಗ್ಗೆ ಎಂಜಿನ್ನಿಗೆ ಮಾವಿನೆಲೆ ಕಟ್ಟಿ, ಕಾಯಿ ಒಡೆದರು. ಊರಿನ ಹಿರಿಯರು ಡಬ್ಬಿಗಳಲ್ಲಿ ಕೂತರು. ರೈಲು ಏರಿಯ ಅರ್ಧ ಹತ್ತಿತು, ನಿಂತಿತು. ಚಕ್ರಗಳು ಗಿರಗಿರನೆ ನಿಂತಲ್ಲೇ ತಿರುಗಿದವು. ಚಕ್ರಕ್ಕೆ ಹಿಡಿತ ಸಿಗಲೆಂದು ಸಿದ್ದಮಲ್ಲಪ್ಪ ಹಳಿಗೆ ಮರಳು ಎರಚಿದ, ಉಪಯೋಗವಾಗಲಿಲ್ಲ. ರೈಲು ಹಿಂದಕ್ಕೆ ಜಾರತೊಡಗಿತು!

"ಸದಾಶಿವಪ್ನೋರ ಎತ್ತು ಕಟ್ರಲಾ!" ಯಾರೋ ಕೂಗಿದರು.

ಊರೆಲ್ಲ ಗೊಳ್ಳೆಂದಿತು. ನಿಜಕ್ಕೂ ಹಗ್ಗ ಬಿಗಿದು, ಎತ್ತುಗಳಿಂದಲೇ ರೈಲನ್ನು ಎಳೆಸಿದರು. ಸದಾಶಿವಪ್ಪ ಮೀಸೆ ತಿರುವಿದರು. ಶಿವರತ್ನಳಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು.

ಸಿದ್ದಮಲ್ಲಪ್ಪ ಬಗ್ಗಿ ಹಳಿ ಮುಟ್ಟಿ, ಬೆರಳು ಮೂಸಿದ. ತಲೆಯೆತ್ತಿ ನೇರವಾಗಿ ಅವಳನ್ನೇ ನೋಡಿದ...

"ಯಾರ ತಪ್ಪು ಇದು?" ಕಾರ್ಖಾನೆಯ ಮ್ಯಾನೇಜರು ಗುಡುಗಿದರು.

"ನಂದೇ ಸಾ."

"ಹಾಗಾದರೆ ನಾಳೆಯಿಂದ ಬರಬೇಡ."

ಶಿವರತ್ನ ಬಾಯಿ ತೆರೆದಳು. ಅಪ್ಪ ಇದ್ದರು, ಊರಿತ್ತು. ಮಾತು ಬರಲಿಲ್ಲ. ಎಣ್ಣೆ ಹಚ್ಚಿದ್ದಕ್ಕಿಂತ ಆ ಮೌನಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಜನ ಚದುರಿದ ಮೇಲೆ ಅವನ ಹಿಂದೆ ಓಡಿದಳು.

"ನಾನು... ನೀವು..."

"ಸುಮ್ಕಿರು. ನಿನ್ನೆಸ್ರು ನಾನು ಎತ್ತಲ್ಲ. ಬಸ್ಸಿಗೆ ಓಯ್ತಾ ಇವ್ನಿ. ಎಣ್ಣೆ ಅಚ್ಚು ಅಂತ ಕಳ್ಸುದ್ರಲ್ಲಾ ನಿಮ್ಮಪ್ಪ, ಗೆದ್ರು ಅಂತ ಏಳು."

ಅವನು ತಿರುಗಿಯೂ ನೋಡದೆ ನಡೆದ.

'ಅಪ್ಪ ಕಳಿಸಿದರು ಅಂದುಕೊಂಡರಾ? ನನ್ನ ಮಜ್ಜಿಗೆ, ನನ್ನ ನಗು... ಎಲ್ಲ ಮೋಸ ಅಂದುಕೊಂಡರಾ?'

ಮನೆಗೆ ಓಡಿದಳು. ಒಲೆಬೂದಿ, ಸೀಗೆಪುಡಿ, ನೀರು ಹೊತ್ತು ಏರಿಗೆ ಬಂದಳು. ನಡು ಹಗಲಲ್ಲಿ, ಎಲ್ಲರ ಕಣ್ಣೆದುರೇ ಮಂಡಿಯೂರಿ ಹಳಿ ಉಜ್ಜತೊಡಗಿದಳು. ಜನ ಸೇರಿದರು. ಮ್ಯಾನೇಜರು ಬಂದರು, ಅಪ್ಪನೂ ಬಂದರು.

"ಏನವ್ವಾ ಮಗಾ ಇದು?"

"ಎಣ್ಣೆ ಅಚ್ದೋಳು ನಾನೇ ಕಣಪ್ಪಾ! ಯಾರೂ ಏಳ್ಕೊಟ್ಟಿಲ್ಲ. ಗಾಡಿ ಓಡ್ದಂಗೆ ರೈಲೂ ಸಲೀಸಾಗಿ ಓಡ್ತದೆ ಅಂದ್ಕಂಡೆ..."

ನಗೆ ಭುಗಿಲೆದ್ದಿತು. ಅವಳು ಕೈ ನಿಲ್ಲಿಸಲಿಲ್ಲ. ಕಣ್ಣೀರು ಸೀಗೆನೊರೆಯಲ್ಲಿ ಬೀಳುತ್ತಿತ್ತು.

"ನಗ್ರಿ! ಅವರು ಸೋಲಬಾರ್ದು ಅಂತ ಅಚ್ದೆ. ಅವರ ಮ್ಯಾಲೆ ಮನಸಿಟ್ಟಿದ್ದೆ, ಅದ್ಕೇ ಅಚ್ದೆ!"

ನಗು ತಟ್ಟನೆ ನಿಂತಿತು. ಸದಾಶಿವಪ್ಪನವರ ಮುಖ ಕಪ್ಪಿಟ್ಟಿತು. ಬೆಳಗ್ಗೆ ತಾವು ಮೀಸೆ ತಿರುವಿದ್ದು ನೆನಪಾಗಿ ಅವರೂ ತಲೆ ತಗ್ಗಿಸಿದರು.

ಏರಿಯ ಕೆಳಗೇ ರಸ್ತೆ. ಬಸ್ಸು ಬಂದು ಹೋಯಿತು. ಹತ್ತಬೇಕಾದವನು ಹತ್ತಿರಲಿಲ್ಲ. ಸಿದ್ದಮಲ್ಲಪ್ಪ ಬಂದು ಅವಳ ಎದುರಿನ ಹಳಿಯ ಬಳಿ ಕೂತ, ಒಂದು ಹಿಡಿ ಬೂದಿ ತೆಗೆದುಕೊಂಡ.

"ಲೇ, ನೋಡ್ತಾ ನಿಂತಿದ್ದೀರಲ್ಲಾ!" ಸದಾಶಿವಪ್ಪ ಆಳುಗಳಿಗೆ ಗದರಿದರು. "ಅಷ್ಟು ಬೂದಿ ಎಲ್ಲಿ ಸಾಲ್ತದೆ? ಇನ್ನೊಂದು ಕುಕ್ಕೆ ತಕಂಬನ್ನಿ."

ಮ್ಯಾನೇಜರು ಕೆಮ್ಮಿದರು. "ಸಂಜೆ ಇನ್ನೊಂದು ಸಲ ಓಡಿಸಿ ನೋಡಪ್ಪ."

ಸಂಜೆ ರೈಲು ಏದುಸಿರು ಬಿಡುತ್ತಾ ಏರಿ ಹತ್ತಿತು. ಊರೆಲ್ಲ ಕೇಕೆ ಹಾಕಿತು. ಶಿವರತ್ನ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹುಣಸೆಮರದ ಹಿಂದೆ ಕೂತಿದ್ದಳು. ಅವನು ಎಂಜಿನ್ ನಿಲ್ಲಿಸಿ ಅಲ್ಲಿಗೇ ಬಂದ.

"ನಿನ್ನ ಅನುಮಾನ ಪಟ್ಟೆ. ತಪ್ಪಾಯ್ತು ಕಣಾ..."

"ತಪ್ಪು ಮಾಡ್ದೋಳು ನಾನು. ಇನ್ಮ್ಯಾಲೆ ಊರೋರ್ಗೆಲ್ಲಾ ಎಂಗ್ ಮಕ ತೋರ್ಸನಾ?"

"ಊರೋರ್ಗ್ಯಾಕೆ? ನಂಗೊಬ್ನಿಗೆ ತೋರ್ಸು... ಸಾಕು."

ಶಿವರತ್ನ ಮೆಲ್ಲಗೆ ಸೆರಗು ಸರಿಸಿದಳು.